ಮೂರು ಮಿಲಿಮೀಟರು

ಟೈಲಿಗೂ ಟೈಲಿಗೂ ನಡುವೆ ಮೂರು ಮಿಲಿಮೀಟರು.
ಅಷ್ಟಗಲವೇ ನನ್ನ ಕೆಲಸ.
ಟೈಲು ಕೂರಿಸುವುದು ಜಬೀವುಲ್ಲಾ ಮೇಸ್ತ್ರಿ,
ಸಂದು ತುಂಬುವುದು ನಾನು, ತಣ್ಣೀರುಹಳ್ಳದ ಇಂದ್ರಾಣಿ.
ಗೃಹಪ್ರವೇಶಕ್ಕೆ ಬಂದವರು ಟೈಲಿನ ಹೂವು ಹೊಗಳುತ್ತಾರೆ;
ಗೆರೆಯನ್ನು ಹೊಗಳಿದವರನ್ನು ಇನ್ನೂ ಕಂಡಿಲ್ಲ.

ಸಿಮೆಂಟು ಗ್ರೌಟು ಪಾಪದ್ದು.
ಬೋಗುಣಿಗೆ ಸುರಿದು, ನೀರು ಬಿಟ್ಟು,
ಗಟ್ಟಿ ಚಟ್ನಿಯ ಹದಕ್ಕೆ ಕಲಸಿ ಹತ್ತು ನಿಮಿಷ ಬಿಟ್ಟರೆ
ಅದರಷ್ಟಕ್ಕೆ ಅದೇ ದಾರಿಗೆ ಬರುತ್ತದೆ.
ತಪ್ಪಿದರೆ ಉಗುರಲ್ಲಿ ಕೆರೆದು ಮತ್ತೆ ತುಂಬು, ಬೈಯುವುದಿಲ್ಲ.
ಒಂದೇ ದೋಷ, ಅದಕ್ಕೆ ದಾಹ.
ಸಾರು ಚೆಲ್ಲಿದರೆ ಸಾರು, ಕಾಫಿ ಚೆಲ್ಲಿದರೆ ಕಾಫಿ,
ಏನು ಕೊಟ್ಟರೂ ಕುಡಿಯುತ್ತದೆ,
ಕುಡಿದದ್ದನ್ನು ಮರೆಯುವುದಿಲ್ಲ.

ಎಪಾಕ್ಸಿಯ ಗತ್ತೇ ಬೇರೆ.
ಎರಡು ಡಬ್ಬಿ, ಒಂದು ಪುಡಿ ಪೊಟ್ಟಣ,
ಒಂದನ್ನೊಂದು ಮುಟ್ಟಿದ ಗಳಿಗೆಯಿಂದ ಗಡಿಯಾರ ಓಡುತ್ತದೆ.
ನಲವತ್ತು ನಿಮಿಷ. ಆಮೇಲೆ ದೇವರು ಬಂದರೂ ಅಲುಗದು.
ಫೋನು ಬಂದರೆ ಎತ್ತುವಂತಿಲ್ಲ,
ಮೂಗು ತುರಿಸಿದರೆ ಮುಟ್ಟುವಂತಿಲ್ಲ,
ಬಿಸಿನೀರಲ್ಲಿ ಒರೆಸಿ ಒರೆಸಿ ಮಂಜು ತೆಗೆಯದಿದ್ದರೆ
ಆ ಮಂಜು ಮನೆಯವರ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.
ಮೊದಲ ಸಲ ಗ್ಲೋವ್ಸ್ ಇಲ್ಲದೆ ಮುಟ್ಟಿ
ಮೊಣಕೈವರೆಗೆ ದದ್ದು; ಹದಿನೈದು ದಿನ
ಮುದ್ದೆ ತಿರುವಲಾಗದೆ ಮನೆಮಂದಿಯೆಲ್ಲ ಅನ್ನ ಉಂಡೆವು.
ಸಿಮೆಂಟಿನ ನಾಲ್ಕು ಪಟ್ಟು ರೇಟು. ಆದರೆ ಕುಡಿಯುವುದಿಲ್ಲ.
ಒಂದು ತೊಟ್ಟೂ.

ಸಾಲಗಾಮೆ ರಸ್ತೆಯ ಪಕ್ಕ ಒಂದು ನರ್ಸಿಂಗ್ ಹೋಮು, ಆರು ಹಾಸಿಗೆ.
ಹೆರಿಗೆ ಕೋಣೆಗೆ ಎಪಾಕ್ಸಿಯೇ ಆಗಬೇಕೆಂದು
ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಟ್ಟಿದ್ದರು.
ಬಾಗಿಲಿಂದ ತುಂಬುತ್ತ ಮೇಜಿನ ತನಕ ಬಂದೆ, ಡಬ್ಬಿ ಮುಗಿಯಿತು.
ಕಂಟ್ರಾಕ್ಟರು ವಾಚು ನೋಡಿಕೊಂಡ.
'ಮೇಜಿನ ಕೆಳಗೆ ಯಾರು ಬಗ್ಗಿ ನೋಡ್ತಾರೆ?
ಅದೇ ಬಣ್ಣದ ಸಿಮೆಂಟು ಹಾಕು.'
ಹಾಕಿದೆ.
ಹನ್ನೊಂದು ಟೈಲು.
ಬಣ್ಣ ಎಷ್ಟು ಸರಿಯಾಗಿ ಕೂತಿತೆಂದರೆ
ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ.

ನಾಲ್ಕು ವರ್ಷದ ಮೇಲೆ ತಂಗಿಯ ಮಗಳು ಪುಷ್ಪಾವತಿಗೆ ಅದೇ ಕೋಣೆ.
ಕೂಸು ಅತ್ತಿತು, ಬಾಗಿಲು ತೆರೆಯಿತು,
ಎಲ್ಲರೂ ಕೂಸಿನ ಮುಖ ನೋಡಿದರು. ನಾನು ನೆಲ ನೋಡಿದೆ.
ಬಾಗಿಲಿಂದ ಬೂದು ಗೆರೆ ನೆಟ್ಟಗೆ ಬಂದು
ಮೇಜಿನ ಹತ್ತಿರ ಒಮ್ಮೆಲೇ ಕಂದಾಗಿತ್ತು,
ತೊಳೆಯದ ಟೀ ಲೋಟದ ತಳದ ಬಣ್ಣ.

ಬಕೆಟ್ಟು ಹಿಡಿದು ಬಂದ ಆಯಾ ಗಂಗಹನುಮಿ
ನನ್ನ ಕಣ್ಣು ಎಲ್ಲಿದೆಯೆಂದು ನೋಡಿ ನಾಚಿದಳು.
'ಅದನ್ನ ನೋಡ್ಬೇಡಿ ಅಕ್ಕಾ.
ಎಷ್ಟು ಆಸಿಡ್ಡು ಹಾಕಿ ಉಜ್ಜಿದ್ರೂ ಅಷ್ಟೇ.
ಇಷ್ಟಗಲ ಜಾಗ ನಿನ್ ಕೈಲಿ ಆಗಲ್ವಾ ಅಂತ
ಸಿಸ್ಟರು ದಿನಾ ಬೈತಾರೆ.
ನನ್ ಕೈಯೇ ಸರಿಯಿಲ್ಲ.'

ಆಸಿಡ್ಡು ಸಿಮೆಂಟನ್ನು ತಿನ್ನುತ್ತದೆ.
ಅವಳು ಉಜ್ಜಿದಷ್ಟೂ ಅದು ಬಾಯಿ ತೆರೆದಿದೆ.
ಇಷ್ಟು ಹೇಳಬಹುದಿತ್ತು. ನಾಲಗೆ ಏಳಲಿಲ್ಲ.
ಅವಳ ಬೆರಳು ನೋಡಿದೆ:
ನನ್ನವೇ, ಬಿಳಿ ಬಿರುಕಿನ ಸಮೇತ.

ಕೂಸು ಮೂರು ಕೆಜಿ ಎಂದು ಯಾರೋ ಕೂಗಿದರು.
ಹನ್ನೊಂದು ಟೈಲಿಗೆ ಒಂದು ಕೆಜಿ ಸಾಕು,
ಕಟ್ಟಿನಕೆರೆ ಮಾರ್ಕೆಟ್ಟಿನ ಕಡೆ ಸಣ್ಣ ಡಬ್ಬಿ ಸಿಗುತ್ತದೆ,
ಎರಡು ದಿನದ ಕೂಲಿ, ಎಂದು ನಾನು ಲೆಕ್ಕ ಹಾಕುತ್ತಿದ್ದೆ.

'ಭಾನುವಾರ ಕೋಣೆ ಖಾಲಿ ಇರುತ್ತಾ?'
'ಯಾಕಕ್ಕಾ?'
'ತುಂಬೋಕೆ ನಲವತ್ತು ನಿಮಿಷ.
ಆಮೇಲೆ ಒಂದು ರಾತ್ರಿ ನೀರು ತಾಗ್ಬಾರ್ದು.
ಕೆರೆಯೋಕೇ ಅರ್ಧ ದಿನ ಬೇಕು.
ನೀನೂ ಕೂತ್ಕೋ.
ಅದನ್ನ ಯಾರು ತುಂಬಿದ್ದು ಅಂತ
ಕೆರೀತಾ ಕೆರೀತಾ ಹೇಳ್ತೀನಿ.'